ಹೆಂಚಿನ ಮಾಡಿನ ಮೇಲೆ ಕಾಲಿಗೆ ಮಟ್ಟ ನೆಲ: ಹೊಂದಿಸಿಕೊಳ್ಳುವ ಬ್ರಾಕೆಟ್ ಮಾಡಿಸಿ, ಕೂರಿಸಿ, ಬಳಸುವ ಬಗೆ

ಮಡಿಕೇರಿ ಕಡೆ ಹೆಂಚಿನ ಮನೆ ಇರುವವರಿಗೆ ಕಾಫಿ ಕೊಯ್ಲು ಮುಗಿದ ಕೂಡಲೇ ಮಾಡಿನ ಯೋಚನೆ ಶುರುವಾಗುತ್ತದೆ. ಎಷ್ಟು ಹೆಂಚು ಒಡೆದಿದೆ, ಮಂಗ ಎಷ್ಟು ಸರಿಸಿದೆ, ಪಾಚಿ ಎಷ್ಟು ಕಟ್ಟಿದೆ, ಯಾವ ರೀಪು (ಹೆಂಚು ಕೂರುವ ಅಡ್ಡ ಮರದ ಪಟ್ಟಿ) ಗೆದ್ದಲು ಹಿಡಿದಿದೆ. ಜೂನ್ ಒಳಗೆ ಎಲ್ಲ ಸರಿ ಮಾಡಿಕೊಳ್ಳದಿದ್ದರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮನೆಯೊಳಗೆ ಪಾತ್ರೆ ಇಟ್ಟುಕೊಂಡು ಕೂರಬೇಕು.

ನಮ್ಮ ಚಿಕ್ಕಪ್ಪ ಹಾಗೆ ಒಂದು ಸಲ ನಾಲ್ಕು ಹೆಂಚು ಬದಲಿಸಲು ಹತ್ತಿದರು. ಹಿಂದಿನ ದಿನ ಹೂಮಳೆ ಬಂದಿತ್ತು. ಹೆಂಚು ಒಣಗಿದಂತೆ ಕಾಣುತ್ತಿತ್ತು, ಪಾಚಿ ಒಳಗೆ ಹಸಿ ಇತ್ತು. ಬಿದಿರೇಣಿಯನ್ನು ಮಾಡಿನ ಮೇಲೆ ಮಲಗಿಸಿ ಅದರ ಮೇಲೆ ಕೂತಿದ್ದರು. ಏಣಿ ಸಮೇತ ಜಾರಿದರು. ಬಿದ್ದದ್ದು ಕಾಫಿ ಕಣದ ಅಂಚಿಗೆ. ತೊಡೆ ಮೂಳೆ ಮುರಿದು ಆರು ತಿಂಗಳು ಮಲಗಿದರು. ಆಮೇಲೆ ಈ ವಿಷಯವನ್ನು ನಾನು ಸುಮ್ನೆ ಬಿಡಲಿಲ್ಲ. ಇಳಿಜಾರು ಮಾಡಿನ ಮೇಲೆ ನಿಂತು ಕೆಲಸ ಮಾಡಲು ಬೇರೆ ಕಡೆ ಏನು ಬಳಸುತ್ತಾರೆ ಅಂತ ಹುಡುಕಿದೆ. ಅದನ್ನು ನಮ್ಮ ಹೆಂಚಿನ ಮನೆಗೆ ಹೊಂದುವ ಹಾಗೆ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ. ಅದನ್ನೇ ಇಲ್ಲಿ ಅಳತೆ ಸಮೇತ ಬರೆಯುತ್ತಿದ್ದೇನೆ.

ಇದು ಏನು

ಮೂರು ತುಂಡು ಕಬ್ಬಿಣದ ತ್ರಿಕೋನ ಅಂದುಕೊಳ್ಳಿ. ಒಂದು ಪಟ್ಟಿ ಮಾಡಿನ ಇಳಿಜಾರಿಗೆ ಒರಗಿ ಮಲಗುತ್ತದೆ. ಅದನ್ನು ಬೆನ್ನು ಎನ್ನೋಣ. ಎರಡನೆಯದು ಬೆನ್ನಿನಿಂದ ಹೊರಗೆ ಮಟ್ಟಸವಾಗಿ ಚಾಚುವ ತೋಳು. ಇದರ ಮೇಲೆ ಹಲಗೆ ಕೂರುತ್ತದೆ. ಮೂರನೆಯದು ತೋಳಿನ ತುದಿಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಊರುಗಾಲು. ಈ ಊರುಗಾಲಿನಲ್ಲಿ ಸಾಲಾಗಿ ತೂತುಗಳಿರುತ್ತವೆ. ಬೋಲ್ಟನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿದರೆ ತೋಳಿನ ಕೋನ ಬದಲಾಗುತ್ತದೆ. ಮಾಡಿನ ಓರೆ 20ರಿಂದ 45 ಡಿಗ್ರಿ ಒಳಗೆ ಎಷ್ಟೇ ಇರಲಿ, ಹಲಗೆ ನೆಲದ ಹಾಗೆ ಮಟ್ಟವಾಗಿ ನಿಲ್ಲುತ್ತದೆ. ಇಂಥ ಎರಡು ಬ್ರಾಕೆಟ್ ಮೇಲೆ ಒಂದು ಹಲಗೆ ಹಾಕಿದರೆ ಮಾಡಿನ ಮೇಲೆಯೇ ಒಂದು ಸಣ್ಣ ಸಾರುವೆ.

ಅಮೆರಿಕದಲ್ಲಿ ಇಂಥವು ಅಂಗಡಿಯಲ್ಲೇ ಸಿಗುತ್ತವೆ. ಅಲ್ಲಿನ ಮನೆಗಳಲ್ಲಿ ಪಕ್ಕಾಸಿನ (ಮಾಡಿನ ನೆತ್ತಿಯಿಂದ ಸೂರಿಗೆ ಓರೆಯಾಗಿ ಇಳಿಯುವ ಮರ) ಮೇಲೆ ಪೂರ್ತಿ ಹಲಗೆ ಹೊದಿಸಿ, ಅದರ ಮೇಲೆ ಶಿಂಗಲ್ ಎಂಬ ತೆಳು ಬಿಲ್ಲೆ ಹಾಸಿರುತ್ತಾರೆ. ಶಿಂಗಲ್ ಎತ್ತಿ, ಬ್ರಾಕೆಟನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಪಟ್ಟಿಯ ತೂತು ಬೀಗದ ಕಿಂಡಿಯ ಹಾಗೆ ಮೇಲೆ ಕಿರಿದು, ಕೆಳಗೆ ಅಗಲ. ಕೆಲಸ ಮುಗಿದ ಮೇಲೆ ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿದರೆ ಬ್ರಾಕೆಟ್ ಮೇಲೆ ಸರಿದು ಮೊಳೆಯಿಂದ ಕಳಚಿಕೊಳ್ಳುತ್ತದೆ. ಮೊಳೆ ಶಿಂಗಲಿನ ಅಡಿಯಲ್ಲೇ ಉಳಿಯುತ್ತದೆ. ಅವರಿಗೆ ಅದು ಜಾಣ ಉಪಾಯ.

ನಮ್ಮ ಮಾಡು ಬೇರೆ. ಪಕ್ಕಾಸಿನ ಮೇಲೆ ಅಡ್ಡಕ್ಕೆ ರೀಪು, ರೀಪಿನ ಮೇಲೆ ಹೆಂಚು. ನಡುವೆ ಏನೂ ಇಲ್ಲ. ಹಾಗಾಗಿ ಆ ಬ್ರಾಕೆಟನ್ನು ತಂದು ನೇರ ಹೊಡೆಯಲು ಆಗುವುದಿಲ್ಲ. ಹೆಂಚು ತೆಗೆದೇ ಕೂರಿಸಬೇಕು. ಹೆಂಚು ಹೇಗೂ ತೆಗೆಯುವುದರಿಂದ ಬೀಗದ ಕಿಂಡಿಯ ತೂತೂ ನಮಗೆ ಬೇಡ. ದುಂಡನೆ ತೂತಿನಲ್ಲಿ ಸ್ಕ್ರೂ ಬಿಗಿಯುವುದೇ ಹೆಚ್ಚು ಗಟ್ಟಿ.

ರೀಪನ್ನು ನಂಬಬೇಡಿ

ಇದನ್ನು ಅಳತೆಗಿಂತ ಮೊದಲೇ ಹೇಳಿಬಿಡುತ್ತೇನೆ. ಹೆಂಚಿನ ಕೆಲಸದವರೊಬ್ಬರು ನನಗೆ ಮೊದಲ ದಿನವೇ ಹೇಳಿದ್ದು: "ಅಣ್ಣ, ರೀಪು ಹೆಂಚಿಗೆ. ಮನುಷ್ಯನಿಗೆ ಪಕ್ಕಾಸು."

ರೀಪು ಅಂದರೆ 2 ಇಂಚು ಅಗಲ, 1 ಇಂಚು ದಪ್ಪದ ತುಂಡು. ಪ್ರತಿ ಪಕ್ಕಾಸಿಗೆ ಒಂದೇ ಮೊಳೆಯಲ್ಲಿ ನಿಂತಿರುತ್ತದೆ. ಒಂದೊಂದು ಹೆಂಚು ಎರಡೂವರೆ ಕೆ.ಜಿ. ಆಸುಪಾಸು. ಅಷ್ಟನ್ನು ಹೊರಲು ಮಾಡಿದ್ದು ಅದು. ಕೆಲವರು ಕಬ್ಬಿಣದ ಕೊಕ್ಕೆಯನ್ನು ರೀಪಿಗೆ ಸಿಕ್ಕಿಸಿ ಅದರ ಮೇಲೆ ಹಲಗೆ ಹಾಕುತ್ತಾರೆ. ಒಂದು ದಿನ, ಎರಡು ದಿನ ಏನೂ ಆಗದೇ ಇರಬಹುದು. ಗೆದ್ದಲು ತಿಂದ ಒಂದು ಗೇಣು ಸಾಕು, ಕೊಕ್ಕೆ, ಹಲಗೆ, ಮನುಷ್ಯ ಎಲ್ಲ ಒಟ್ಟಿಗೆ ಇಳಿಯುತ್ತವೆ. ಬ್ರಾಕೆಟ್ ರೀಪಿನ ಮೇಲೆ ಮಲಗಬಹುದು. ಆದರೆ ರೀಪು ಪಕ್ಕಾಸನ್ನು ದಾಟುವ ಜಾಗದಲ್ಲೇ ಮಲಗಬೇಕು, ಸ್ಕ್ರೂ ರೀಪನ್ನು ತೂರಿ ಪಕ್ಕಾಸಿನೊಳಗೆ ಇಳಿಯಬೇಕು.

ಹಾಗೆಯೇ ಬ್ರಾಕೆಟಿನ ಭಾರ ಹೆಂಚಿನ ಮೇಲೆ ಕೂರಬಾರದು. ಹೆಂಚು ಒಡೆದರೆ ಅದು ಬರೀ ನಷ್ಟ ಅಲ್ಲ. ಒಡೆದ ಕ್ಷಣಕ್ಕೆ ಬ್ರಾಕೆಟ್ ಒಂದು ಇಂಚು ಕುಸಿಯುತ್ತದೆ. ಮೇಲೆ ನಿಂತವನಿಗೆ ಅಷ್ಟು ಸಾಕು.

ಇಳಿಜಾರು ಅಳೆಯುವುದು

ಹೆಂಚಿನ ಮೇಲೆ ಅಳೆಯಬೇಡಿ. ಒಂದು ಹೆಂಚಿನ ಮೇಲೆ ಇನ್ನೊಂದು ಹತ್ತಿ ಕೂತಿರುವುದರಿಂದ ಹೆಂಚಿನ ಮುಖ ಪಕ್ಕಾಸಿಗಿಂತ ಸ್ವಲ್ಪ ಕಡಿಮೆ ಓರೆ ತೋರಿಸುತ್ತದೆ. ಅಟ್ಟಕ್ಕೆ ಹೋಗಿ ಪಕ್ಕಾಸಿನ ಅಡಿ ಮುಖದಲ್ಲೇ ಅಳೆಯಿರಿ. ಅಟ್ಟ ಇಲ್ಲದಿದ್ದರೆ ಸೂರಿನ ಹೊರಗೆ ಚಾಚಿದ ಪಕ್ಕಾಸಿನ ಪಕ್ಕೆಯಲ್ಲಿ ಅಳೆಯಬಹುದು.

ರಸಮಟ್ಟದ ಮೇಲೆ ಒಂದು ತುದಿಯಿಂದ 12 ಇಂಚಿಗೆ ಗುರುತು ಹಾಕಿ. ಆ ತುದಿಯನ್ನು ಪಕ್ಕಾಸಿಗೆ ತಾಗಿಸಿ, ಗುಳ್ಳೆ ನಡುವೆ ಬರುವ ಹಾಗೆ ಹಿಡಿಯಿರಿ. 12 ಇಂಚಿನ ಗುರುತಿನಿಂದ ಪಕ್ಕಾಸಿಗೆ ನೆಟ್ಟಗೆ ಎಷ್ಟು ಅಂತರ ಇದೆ ನೋಡಿ. 5.6 ಇಂಚು ಬಂದರೆ 25 ಡಿಗ್ರಿ. 7 ಬಂದರೆ 30. 8.4 ಬಂದರೆ 35. 10 ಬಂದರೆ 40. 12 ಇಂಚೇ ಬಂದರೆ 45 ಡಿಗ್ರಿ. ಮೊಬೈಲಿನ ಲೆವೆಲ್ ಆಪ್ ಕೂಡ ಸರಿಯಾಗಿಯೇ ತೋರಿಸುತ್ತದೆ, ಫೋನಿನ ಕವರ್ ತೆಗೆದು ಇಡಿ ಅಷ್ಟೇ.

ಜಗಲಿಯ ಮಾಡನ್ನು ಬೇರೆಯಾಗಿ ಅಳೆಯಿರಿ. ನಮ್ಮ ಹಳೇ ಮನೆಗಳಲ್ಲಿ ಒಳಮನೆಯ ಮಾಡು ಒಂದು ಓರೆ, ಜಗಲಿ ಮಾಡು ಇನ್ನೊಂದು ಓರೆ ಇರುವುದು ಸಾಮಾನ್ಯ. ಹೊಂದಿಸಿಕೊಳ್ಳುವ ಬ್ರಾಕೆಟ್ ಬೇಕಾಗುವುದೇ ಇಲ್ಲಿ. ಒಂದೇ ಓರೆಗೆ ಬೆಸುಗೆ ಹಾಕಿದ ಬ್ರಾಕೆಟನ್ನು ಜಗಲಿ ಮೇಲೆ ಹಾಕಿದರೆ ಹಲಗೆ ಒಂದು ಕಡೆ ವಾಲುತ್ತದೆ.

ವೆಲ್ಡಿಂಗ್ ಶಾಪಿಗೆ ಕೊಡುವ ಅಳತೆ

ಸೋಮವಾರಪೇಟೆ, ಕುಶಾಲನಗರ, ಗೋಣಿಕೊಪ್ಪ ಎಲ್ಲ ಕಡೆ ಗೇಟು, ಗ್ರಿಲ್ ಮಾಡುವ ಶಾಪುಗಳಿವೆ. ಅವರಿಗೆ ಇದು ಅರ್ಧ ದಿನದ ಕೆಲಸ. ಆದರೆ ತೂತಿನ ಅಳತೆ ಕಣ್ಣಂದಾಜಿನಲ್ಲಿ ಆಗಬಾರದು. ಚೀಟಿಯಲ್ಲಿ ಬರೆದು ಕೊಡಿ, ಎದುರಿಗೆ ನಿಂತು ಮಾಡಿಸಿ.

ಬೆನ್ನಿಗೆ 50 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಪಟ್ಟಿ, ಉದ್ದ 90 ಸೆಂ.ಮೀ. ಮೇಲಿನ ತುದಿಯಿಂದ 44 ಸೆಂ.ಮೀ. ಕೆಳಗೆ ಒಂದು ಜೋಡಿ ಕಿವಿ (ಬೋಲ್ಟ್ ತೂರಿಸಲು ತೂತಿರುವ ಸಣ್ಣ ತುಂಡು), ಅಲ್ಲಿಂದ 26 ಸೆಂ.ಮೀ. ಕೆಳಗೆ ಇನ್ನೊಂದು ಜೋಡಿ ಕಿವಿ ಬೆಸುಗೆ ಹಾಕಿಸಿ. ಕಿವಿ 6 ಮಿ.ಮೀ. ದಪ್ಪ ಇರಲಿ. ಕಿವಿಯ ತೂತು ಪಟ್ಟಿಯಿಂದ 5 ಸೆಂ.ಮೀ. ಮೇಲಿರಬೇಕು. ಹಾಗಿದ್ದರೆ ಮಾತ್ರ ಹಲಗೆ ಅಕ್ಕಪಕ್ಕದ ಹೆಂಚಿಗೆ ತಾಗದೆ ಮೇಲೆ ನಿಲ್ಲುತ್ತದೆ. ಕೆಳಗಿನ ಕಿವಿಯ ನಂತರ ಉಳಿದ 20 ಸೆಂ.ಮೀ. ಬಾಲವನ್ನು ಉಕ್ಕು ಉಳಿಸಲು ಅಂತ ಕತ್ತರಿಸಬೇಡಿ. ನೀವು ಹಲಗೆಯ ಹೊರ ಅಂಚಿಗೆ ಬಂದಾಗ ಭಾರ ಆ ಬಾಲದ ಮೇಲೆ ಬೀಳುತ್ತದೆ. ಬಾಲ ಗಿಡ್ಡವಾದರೆ ಮೇಲಿನ ತುದಿ ಎತ್ತಿ ಸ್ಕ್ರೂ ಕೀಳುತ್ತದೆ.

ತೋಳು, ಊರುಗಾಲು ಎರಡಕ್ಕೂ 40 × 40 × 5 ಮಿ.ಮೀ. ಆಂಗಲ್ (L ಆಕಾರದ ಕಬ್ಬಿಣ). ತೋಳಿನಲ್ಲಿ ಎರಡು ತೂತು, ಒಂದು ಬೆನ್ನಿನ ಮೇಲಿನ ಕಿವಿಗೆ, ಇನ್ನೊಂದು ಊರುಗಾಲಿಗೆ, ನಡುವಿನಿಂದ ನಡುವಿಗೆ 30 ಸೆಂ.ಮೀ. ಆಂಗಲಿನ ಒಂದು ಮುಖ ಮೇಲೆ ಬರಲಿ, ಹಲಗೆ ಕೂರಲು. ಇನ್ನೊಂದು ಮುಖ ಕೆಳಕ್ಕೆ ಇಳಿದಿರಲಿ, ಬೋಲ್ಟ್ ಹಾಕಲು. ಮೇಲಿನ ಮುಖದಲ್ಲಿ ಹಲಗೆಗೆ ಸ್ಕ್ರೂ ಹಾಕಲು ಎರಡು ಸಣ್ಣ ತೂತು.

ಈಗ ಊರುಗಾಲು. ಕೆಳಗಿನ ತೂತು ಬೆನ್ನಿನ ಕೆಳಗಿನ ಕಿವಿಗೆ ಸೇರುತ್ತದೆ. ಅದರ ನಡುವಿನಿಂದ ಅಳೆದು ಮೇಲಿನ ತೂತುಗಳನ್ನು ಹೀಗೆ ಹಾಕಿಸಿ:

20 ಡಿಗ್ರಿಗೆ 10.5 ಸೆಂ.ಮೀ.
25 ಡಿಗ್ರಿಗೆ 12.7 ಸೆಂ.ಮೀ.
30 ಡಿಗ್ರಿಗೆ 15.0 ಸೆಂ.ಮೀ.
35 ಡಿಗ್ರಿಗೆ 17.3 ಸೆಂ.ಮೀ.
40 ಡಿಗ್ರಿಗೆ 19.5 ಸೆಂ.ಮೀ.
45 ಡಿಗ್ರಿಗೆ 21.7 ಸೆಂ.ಮೀ.

ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕವೇ ಇದು. ಎರಡು ಬದಿ 30 ಮತ್ತು 26, ನಡುವಿನ ಕೋನ ಮಾಡಿನ ಓರೆ, ಮೂರನೇ ಬದಿ ಎಷ್ಟು ಅಂತ. ನಿಮ್ಮ ತೋಳಿನ ಉದ್ದ ಬೇರೆ ಆದರೆ ಈ ಅಂಕಿಗಳು ನಡೆಯುವುದಿಲ್ಲ, ಹೊಸದಾಗಿ ಲೆಕ್ಕ ಹಾಕಬೇಕು. ತೂತುಗಳ ನಡುವೆ 22 ಮಿ.ಮೀ. ಆಸುಪಾಸು ಸಿಗುತ್ತದೆ, ಹಾಗಾಗಿ 12 ಮಿ.ಮೀ. ಬೋಲ್ಟಿಗೆ ತೊಂದರೆ ಇಲ್ಲ. ತಲೆಯ ಮೇಲೆ 8.8 (ಗಟ್ಟಿತನದ ದರ್ಜೆ) ಅಂತ ಒತ್ತಿರುವ ಬೋಲ್ಟನ್ನೇ ಕೇಳಿ ತೆಗೆದುಕೊಳ್ಳಿ. ನಟ್ ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ ಆಗಿರಲಿ.

ನಿಮ್ಮ ಮಾಡು ಎರಡು ಅಳತೆಯ ನಡುವೆ ಬಂದರೆ, ಉದಾಹರಣೆಗೆ 33 ಡಿಗ್ರಿ, ಮೇಲಿನ ತೂತನ್ನೇ ಹಿಡಿಯಿರಿ, ಅಂದರೆ 35ರದ್ದು. ಆಗ ಹಲಗೆಯ ಹೊರ ಅಂಚು ಕೂದಲೆಳೆಯಷ್ಟು ಮೇಲಿರುತ್ತದೆ, ಕಾಲು ಮಾಡಿನ ಕಡೆಗೇ ವಾಲುತ್ತದೆ. ಕೆಳಗಿನ ತೂತು ಹಿಡಿದರೆ ಹಲಗೆ ಹೊರಕ್ಕೆ ಇಳಿಯುತ್ತದೆ. ಅದು ಬೇಡವೇ ಬೇಡ.

ಊರುಗಾಲಿನ ತುದಿ ತೋಳಿಗಿಂತ ಸ್ವಲ್ಪ ಮೇಲೆ ಚಾಚಿಕೊಳ್ಳುತ್ತದೆ. ಅದಿರಲಿ ಬಿಡಿ. ಹಲಗೆ ಹೊರಕ್ಕೆ ಜಾರದಂತೆ ಅದು ತಡೆಯಾಗುತ್ತದೆ. ಚೂಪು ಅಂಚನ್ನು ಮಾತ್ರ ಉಜ್ಜಿಸಿ.

ಬೆನ್ನಿನ ಮೇಲಿನ ತುದಿಯಲ್ಲಿ ಹಗ್ಗ ಕಟ್ಟಲು ಒಂದು ಬಳೆ ಬೆಸುಗೆ ಹಾಕಿಸಿ. ಸ್ಕ್ರೂ ತೂತುಗಳು ನಿಮ್ಮ ಮನೆಯ ರೀಪಿನ ಅಂತರ ನೋಡಿಯೇ ಆಗಬೇಕು. ನಮ್ಮಲ್ಲಿ ರೀಪಿನಿಂದ ರೀಪಿಗೆ 32 ಸೆಂ.ಮೀ. ಇದ್ದದ್ದರಿಂದ ಮೇಲಿನ ತುದಿಯಿಂದ 4 ಸೆಂ.ಮೀ.ಗೆ ಒಂದು, 36ಕ್ಕೆ ಒಂದು, ನಡುವೆ 20ಕ್ಕೆ ಇನ್ನೊಂದು ಹಾಕಿಸಿದೆ. ಹೀಗೆ ಕೂರಿಸಿದಾಗ ಕೆಳಗಿನ ಕಿವಿ ಸರಿಯಾಗಿ ಮೂರನೇ ರೀಪಿನ ಮೇಲೆ ಬರುತ್ತದೆ. ಊರುಗಾಲಿನ ಒತ್ತಡ ನೇರ ಪಕ್ಕಾಸಿಗೆ ಇಳಿಯುತ್ತದೆ.

ಒಂದು ಬ್ರಾಕೆಟ್ ಐದು ಕೆ.ಜಿ. ದಾಟುತ್ತದೆ. ಭಾರ ಅನ್ನಿಸಬಹುದು. ಹಗುರ ಮಾಡಲು ಹೋಗಬೇಡಿ. ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಹಳದಿ ಬಣ್ಣ ಹೊಡೆಸಿ. ನಮ್ಮ ಥಂಡಿಯಲ್ಲಿ ಬಣ್ಣ ಇಲ್ಲದ ಕಬ್ಬಿಣ ಒಂದು ಮಳೆಗಾಲವೂ ತಡೆಯುವುದಿಲ್ಲ.

ಮೊದಲು ನೆಲದ ಮೇಲೆ ಪರೀಕ್ಷೆ

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ ಸಾರುವೆಗಳಿಗೆ ಒಂದು ನಿಯಮ ಮಾಡಿದೆ. ಮೇಲೆ ಹೊರಿಸಬೇಕೆಂದಿರುವ ಭಾರದ ನಾಲ್ಕು ಪಟ್ಟನ್ನು ಸಾರುವೆ ತಾಳಬೇಕು. ಈ ನಿಯಮ ನನಗೆ ಹಿಡಿಸಿತು. ಒಬ್ಬ ಮನುಷ್ಯ, ಕೈಸಾಮಾನು, ಹತ್ತು ಹೆಂಚು ಸೇರಿದರೆ 120 ಕೆ.ಜಿ. ನಾಲ್ಕು ಪಟ್ಟು ಅಂದರೆ 480. ನಮ್ಮಲ್ಲಿ ಸಿಮೆಂಟ್ ಮೂಟೆ 50 ಕೆ.ಜಿ.ಯದ್ದು, ಹಾಗಾಗಿ ಹತ್ತು ಮೂಟೆ ಸಾಕು.

ಎರಡು ಗಟ್ಟಿ ಮರದ ತುಂಡುಗಳನ್ನು ಮಾಡಿನಷ್ಟೇ ಓರೆಯಲ್ಲಿ ಕಣದ ಕಟ್ಟೆಗೆ ಒರಗಿಸಿ ಕಟ್ಟಿ. ಮನೆಯಲ್ಲಿ ಕೂರಿಸುವಂತೆಯೇ ಬ್ರಾಕೆಟ್ ಕೂರಿಸಿ, ಹಲಗೆ ಹಾಕಿ. ಹಲಗೆ ನೆಲದಿಂದ ಒಂದು ಅಡಿಗಿಂತ ಮೇಲೆ ಬೇಡ. ಮೂಟೆಗಳನ್ನು ಒಂದೊಂದಾಗಿ ಹರಡಿ ಇಡಿ. ಪಾದ ಅಡಿಯಲ್ಲಿ ಇಡಬೇಡಿ. ಒಂದು ಗಂಟೆ ಬಿಡಿ. ಆಮೇಲೆ ಇಳಿಸಿ ಬೆಸುಗೆ ಬಿರಿದಿದೆಯಾ, ತೂತು ಮೊಟ್ಟೆಯಾಕಾರಕ್ಕೆ ಎಳೆದಿದೆಯಾ, ತೋಳು ಬಾಗಿದೆಯಾ ನೋಡಿ. ಒಂದೇ ಒಂದು ಬ್ರಾಕೆಟ್ ಸೋತರೂ ಅದನ್ನು ರಿಪೇರಿ ಮಾಡಿಸಬೇಡಿ, ಗುಜರಿಗೆ ಹಾಕಿ. ನಮ್ಮ ಮೊದಲ ನಾಲ್ಕರಲ್ಲಿ ಒಂದರ ಕಿವಿ ಬೆಸುಗೆ ಏಳನೇ ಮೂಟೆಗೆ ಬಿಟ್ಟುಕೊಂಡಿತು. ನೋಡಲು ಬೆಸುಗೆ ಚೆನ್ನಾಗಿಯೇ ಇತ್ತು. ಕಣದಲ್ಲಿ ಬಿಟ್ಟುಕೊಂಡದ್ದು ನಮ್ಮ ಪುಣ್ಯ.

ಹಲಗೆ 9 ಇಂಚು ಅಗಲ, 2 ಇಂಚು ದಪ್ಪ ಇರಲಿ. ಗಂಟು, ಸೀಳು, ಗೆದ್ದಲು ಇರಬಾರದು. ಹಳೇ ಸೆಂಟ್ರಿಂಗ್ ಹಲಗೆ ಎಷ್ಟು ಅಗ್ಗ ಆದರೂ ಬೇಡ, ಮೊಳೆ ಹೊಡೆದು ಹೊಡೆದು ಒಳಗೆ ಸೀಳಿರುತ್ತದೆ.

ಯಾವಾಗ ಹತ್ತಬೇಕು

ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಒಳ್ಳೇ ಕಾಲ. ಅದಕ್ಕೂ ಮುಂಚೆ ಕಾಫಿ, ಕರಿಮೆಣಸು ಕೊಯ್ಲಿನಲ್ಲಿ ಕೆಲಸದವರು ಸಿಗುವುದಿಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ ಮೇಲೆ ಗುಡುಗು. ಬೆಳಿಗ್ಗೆ ಇಬ್ಬನಿ ಆರುವ ತನಕ, ಅಂದರೆ ಒಂಬತ್ತು ಒಂಬತ್ತೂವರೆ ತನಕ ಕಾಯಿರಿ. ಮಳೆ ಬಂದ ಮಾರನೇ ದಿನ ಪಾಚಿ ಇರುವ ಮಾಡಿಗೆ ಹತ್ತಲೇಬೇಡಿ. ಹೆಂಚಿನ ಅಡಿ, ಸೂರಿನ ಸಂದಿಯಲ್ಲಿ ಕಣಜದ ಗೂಡು ಇದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ.

ಏಣಿ ಮತ್ತು ಹಗ್ಗ

ಮೆಣಸು ಕೊಯ್ಯುವ ಒಂಟಿ ಬಿದಿರೇಣಿ ಮರಕ್ಕೆ ಸರಿ. ಸೂರಿಗೆ ಒರಗಿಸಿದರೆ ತಿರುಗಿಕೊಳ್ಳುತ್ತದೆ. ಎರಡು ಕಾಲಿನ ಏಣಿ ತನ್ನಿ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗೆ ಇರಲಿ. ತುದಿ ಸೂರಿಗಿಂತ ಮೂರು ಅಡಿ ಮೇಲೆ ಚಾಚಲಿ. ತುದಿಯನ್ನು ಪಕ್ಕಾಸಿಗೆ ಕಟ್ಟಿ, ಬುಡದಲ್ಲಿ ಗೂಟ ಹೊಡೆಯಿರಿ. ಅಲ್ಯೂಮಿನಿಯಂ ಏಣಿ ಆದರೆ ಮೇಲೆ ಹಾದುಹೋಗುವ ಕರೆಂಟ್ ತಂತಿಯನ್ನು ಎರಡು ಸಲ ನೋಡಿ. ತೋಟದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಕಡೆ ಹೊಸದಲ್ಲ. ಮನೆಗೆ ಬರುವ ಸರ್ವಿಸ್ ವಯರ್ ಸೂರಿನ ಹತ್ತಿರವೇ ಇದ್ದರೆ ಲೈನ್‌ಮನ್‌ಗೆ ಹೇಳಿ ತೆಗೆಸಿಕೊಂಡೇ ಕೆಲಸ ಶುರು ಮಾಡಿ.

ಬ್ರಾಕೆಟ್ ಇದ್ದರೂ ಹಾರ್ನೆಸ್ ಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಅಲ್ಲ, ಭುಜ, ತೊಡೆ ಎಲ್ಲ ಹಿಡಿಯುವ ಪೂರ್ತಿ ಹಾರ್ನೆಸ್. ಭಾರತೀಯ ಮಾನಕ ಐಎಸ್ 3521 ಗುರುತು ಇರುವುದನ್ನೇ ಕೊಳ್ಳಿ. ಹಗ್ಗವನ್ನು ಬ್ರಾಕೆಟಿಗೆ ಕಟ್ಟಬಾರದು. ಬ್ರಾಕೆಟ್ ಕಿತ್ತು ಬಂದರೆ ಹಗ್ಗವೂ ಅದರ ಜೊತೆಗೇ ಬರುತ್ತದೆ, ಅಲ್ವಾ? ಮಾಡಿನ ನೆತ್ತಿಯ ಮೇಲಿನಿಂದ ಆಚೆ ಬದಿಗೆ ಹಾಯಿಸಿ, ಆಚೆ ಕಡೆಯ ಗಟ್ಟಿ ಕಂಬಕ್ಕೋ ಬೇರು ಬಿಟ್ಟ ದಪ್ಪ ಮರಕ್ಕೋ ಕಟ್ಟಿ. ನೆತ್ತಿಯ ಮೂಲೆ ಹೆಂಚಿನ ಅಂಚು ಹಗ್ಗವನ್ನು ಕೊಯ್ಯದ ಹಾಗೆ ಕೆಳಗೆ ದಪ್ಪ ಗೋಣಿ ಮಡಚಿ ಹಾಕಿ. ಜೀಪಿಗೆ ಹಗ್ಗ ಕಟ್ಟುವವರನ್ನು ಕಂಡಿದ್ದೇನೆ. ಯಾರಾದರೂ ಮರೆತು ಜೀಪ್ ಚಾಲೂ ಮಾಡಿದರೆ ಏನಾಗುತ್ತದೆ ಅಂತ ಯೋಚಿಸಿ. ಹಗ್ಗ ಸಡಿಲ ಬಿಡಬೇಡಿ. ಹಗ್ಗದ ಮೇಲೆ ಜಾರಿ ಎಳೆದರೆ ಹಿಡಿಯುವ ರೋಪ್ ಗ್ರ್ಯಾಬ್ ಇದ್ದರೆ ಮೇಲೆ ಹೋದಂತೆ ಅದನ್ನು ಸರಿಸಿಕೊಂಡು ಹೋಗಬಹುದು.

ಕೆಳಗೆ ಒಬ್ಬರು ಇರಲೇಬೇಕು. ಹಾರ್ನೆಸ್‌ನಲ್ಲಿ ನೇತಾಡಿದ ಮನುಷ್ಯನ ಕಾಲಿನಲ್ಲೇ ರಕ್ತ ನಿಲ್ಲುತ್ತದೆ, ಸರಿಯಾಗಿ ಮೇಲಕ್ಕೆ ಹೋಗುವುದಿಲ್ಲ. ಬೇಗ ಇಳಿಸದಿದ್ದರೆ ಅದೇ ಅಪಾಯ. ಹೇಗೆ ಇಳಿಸುವುದು ಅಂತ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಕೂರಿಸುವ ಕ್ರಮ

ಪಕ್ಕಾಸು ಎಲ್ಲಿದೆ ಅಂತ ಮೇಲಿನಿಂದ ಕಾಣುವುದಿಲ್ಲ. ಸೂರಿನಲ್ಲಿ ಎಣಿಸಿ ಗುರುತು ಹಾಕಿಕೊಳ್ಳಿ. ಅಟ್ಟದೊಳಗೆ ಒಬ್ಬರು ಹೋಗಿ ಪ್ರತಿ ಪಕ್ಕಾಸನ್ನೂ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಲಿ. ಮೆತ್ತಗೆ ಇಳಿದರೆ ಆ ಪಕ್ಕಾಸು ಬೇಡ, ಪಕ್ಕದ್ದನ್ನು ಹಿಡಿಯಿರಿ. ಪಕ್ಕಾಸುಗಳು ಎರಡು ಅಡಿಗೊಂದು ಇದ್ದರೆ ಒಂದು ಬಿಟ್ಟು ಒಂದಕ್ಕೆ ಬ್ರಾಕೆಟ್ ಹಾಕಿ. ನಾಲ್ಕು ಅಡಿ ಅಂತರ ಬರುತ್ತದೆ. ಐದು ಅಡಿ ದಾಟಬಾರದು.

ಮೊದಲ ಸಾಲನ್ನು ಏಣಿಯ ಮೇಲೆ ನಿಂತೇ ಹಾಕುವಷ್ಟು ಕೆಳಗೆ ಹಾಕಿ. ಹೆಂಚು ತೆಗೆಯುವಾಗ ಮೇಲಿನ ಹೆಂಚಿನ ಅಂಚನ್ನು ಮರದ ಬೆಣೆಯಲ್ಲಿ ಎತ್ತಿ, ಅಡಿಯದ್ದನ್ನು ಮೆಲ್ಲಗೆ ಎಳೆಯಿರಿ. ಕಬ್ಬಿಣದ ಸರಳು ಹಾಕಿ ಮೀಟಿದರೆ ಹೆಂಚಿನ ಕೊಕ್ಕೆ ಮುರಿಯುತ್ತದೆ. ಮೇಲಕ್ಕೆ ಮೂರು ಸಾಲು, ಅಡ್ಡಕ್ಕೆ ಎರಡು, ಒಟ್ಟು ಆರು ಹೆಂಚು ತೆಗೆದರೆ ಒಂದು ಬ್ರಾಕೆಟಿಗೆ ಜಾಗ ಸಿಗುತ್ತದೆ. ತೆಗೆದ ಹೆಂಚನ್ನು ಮಾಡಿನ ಮೇಲೆ ಪೇರಿಸಬೇಡಿ, ಕೆಳಗೆ ಇಳಿಸಿ.

ಹಳೇ ಹೆಂಚನ್ನು ಜೋಪಾನ ಮಾಡಿ ಅಂತ ಇಲ್ಲಿ ಒಂದು ಮಾತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅವರ ಮುದ್ರೆ ಇರುವ ಹೆಂಚು ಇವತ್ತಿಗೂ ಕೊಡಗಿನ ಹಳೇ ಮನೆಗಳ ಮೇಲೆ ಇದೆ. ಈಗಿನ ಐಎಸ್ 654ರಲ್ಲೇ 410 × 235, 420 × 250, 425 × 260 ಮಿ.ಮೀ. ಎಂದು ಮೂರು ಅಳತೆ ಇದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ನಿಮ್ಮ ಹಳೇ ಹೆಂಚು ಒಡೆದರೆ ಅದೇ ಅಚ್ಚಿನದ್ದು ಹುಡುಕಿಕೊಂಡು ಹಳೇ ಮನೆ ಕೆಡವುವ ಕಡೆ ಅಲೆಯಬೇಕಾಗುತ್ತದೆ.

ಜಾಗ ತೆರೆದ ಮೇಲೆ ರೀಪು ಮತ್ತು ರೀಪಿನ ನಡುವಿನ ಖಾಲಿ ಜಾಗಕ್ಕೆ ಪಕ್ಕಾಸಿನ ಮೇಲೆ 1 ಇಂಚು ದಪ್ಪದ ಮರದ ತುಂಡು ಇಡಿ. ಬೆನ್ನಿನ ಬಾಲದ ಅಡಿಗೂ ಒಂದು ಇಡಿ. ತುಂಡಿಗೆ ಒಂದು ಮೊಳೆ ಹೊಡೆದರೆ ಜಾರುವುದಿಲ್ಲ. ಈಗ ಬ್ರಾಕೆಟ್ ಮಲಗಿಸಿ. ಪಟ್ಟಿ ಪಕ್ಕಾಸಿನ ನಡುವೆ ನೇರ ಇದೆಯಾ ನೋಡಿ. ಸ್ಪ್ಯಾನರ್‌ನಲ್ಲಿ ತಿರುಗಿಸುವ 8 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಮರದ ಸ್ಕ್ರೂ ಮೂರು ಬೇಕು. ಮೊದಲು 5 ಮಿ.ಮೀ. ಬಿಟ್‌ನಲ್ಲಿ ತೂತು ಕೊರೆದುಕೊಳ್ಳಿ. ಹಳೇ ಮತ್ತಿ, ಹಲಸಿನ ಪಕ್ಕಾಸು ಕಲ್ಲಿನ ಹಾಗೆ ಗಟ್ಟಿ ಇರುತ್ತದೆ. ಕೊರೆಯದೆ ತಿರುಗಿಸಿದರೆ ಸ್ಕ್ರೂ ಮುರಿಯುತ್ತದೆ, ಮೊಳೆ ಹೊಡೆದರೆ ಮರ ಸೀಳುತ್ತದೆ. ಸ್ಕ್ರೂಗೆ ಸ್ವಲ್ಪ ಸೋಪು ಸವರಿದರೆ ಸಲೀಸಾಗಿ ಇಳಿಯುತ್ತದೆ.

ಆಮೇಲೆ ಬಳೆಗೆ ಹಗ್ಗ. ಮೊಳೆ ಹೊಡೆಯಲು ಆಗದ ಕಡೆ ಬ್ರಾಕೆಟನ್ನು ಕನಿಷ್ಠ ಮುಕ್ಕಾಲು ಇಂಚು ದಪ್ಪದ ಒಳ್ಳೇ ಮನಿಲಾ ಹಗ್ಗ ಅಥವಾ ಅದಕ್ಕೆ ಸಮನಾದ ಹಗ್ಗದಲ್ಲಿ ಕಟ್ಟಬೇಕು ಅಂತ ಓಷಾ ಹೇಳುತ್ತದೆ. ನಾನು ಸ್ಕ್ರೂ ಇದ್ದರೂ ಕಟ್ಟುತ್ತೇನೆ. ಬಳೆಯಿಂದ ನೆತ್ತಿಯ ಆಚೆಗೆ ಹಾಯಿಸಿ, ಆಚೆಯ ಗೋಡೆಯ ಮೇಲಿನ ತೊಲೆಗೆ ಕಟ್ಟುವುದು. ಮನುಷ್ಯನ ಹಗ್ಗ ಬೇರೆ, ಬ್ರಾಕೆಟಿನ ಹಗ್ಗ ಬೇರೆ.

ಹಲಗೆ ಹಾಕುವಾಗ ಕೊನೆಯ ಬ್ರಾಕೆಟಿನಿಂದ ಹೊರಗೆ ಕನಿಷ್ಠ 6 ಇಂಚು ಚಾಚಲಿ, 12 ಇಂಚು ದಾಟದಿರಲಿ. ಜಾಸ್ತಿ ಚಾಚಿದರೆ ತುದಿ ತುಳಿದಾಗ ಹಲಗೆ ಏಳುತ್ತದೆ. ಎರಡು ಹಲಗೆ ಸೇರುವ ಕಡೆ ಬ್ರಾಕೆಟಿನ ಮೇಲೆಯೇ ಒಂದರ ಮೇಲೊಂದು 12 ಇಂಚು ಬರಲಿ. ತೋಳಿನ ತೂತಿನಿಂದ ಹಲಗೆಗೆ ಸ್ಕ್ರೂ ಹಾಕಿ. ಹಲಗೆ ಹೆಂಚಿಗೆ ತಾಗಬಾರದು, ಕೈ ತೂರಿಸಿ ನೋಡಿ. ಕೊನೆಗೆ ರಸಮಟ್ಟ ಇಟ್ಟು ನೋಡಿ.

ಹತ್ತುವ ಮೊದಲು ಏಣಿಯ ಮೇಲಿಂದಲೇ ಒಂದು ಕಾಲು ಹಲಗೆಗೆ ಇಟ್ಟು ಒತ್ತಿ. ಮರ ಕಿರುಗುಟ್ಟಿದರೆ ಇಳಿದು ಕಾರಣ ಹುಡುಕಿ. ಎರಡು ಬ್ರಾಕೆಟಿನ ನಡುವೆ ಒಬ್ಬರೇ ನಿಲ್ಲಬೇಕು. ಹತ್ತಕ್ಕಿಂತ ಜಾಸ್ತಿ ಹೆಂಚು ಇಡಬಾರದು.

ಎರಡನೇ ಸಾಲನ್ನು ಮೊದಲನೇ ಹಲಗೆಯ ಮೇಲೆ ನಿಂತು ಹಾಕಿ, ನಾಲ್ಕೈದು ಅಡಿ ಮೇಲೆ. ನೆತ್ತಿ ತನಕ ಹೀಗೇ. ಕೆಲಸ ಮೇಲಿನಿಂದ ಕೆಳಕ್ಕೆ ಮುಗಿಸುತ್ತಾ ಬನ್ನಿ. ಮೇಲಿನ ಬ್ರಾಕೆಟ್ ಬಿಚ್ಚಿ, ಸ್ಕ್ರೂ ತೂತಿಗೆ ಮರದ ಗೂಟ ಬಡಿದು, ಆ ಆರು ಹೆಂಚನ್ನು ವಾಪಸ್ ಕೂರಿಸಿ. ಆಮೇಲೆಯೇ ಕೆಳಗಿನ ಸಾಲಿಗೆ ಇಳಿಯಿರಿ. ಬಿಚ್ಚುವಾಗಲೇ ಅವಸರ ಜಾಸ್ತಿ ಆಗುವುದು. ಸಂಜೆ, ದಣಿವು, ಮೋಡ. ಬೇಕಾದರೆ ನಾಳೆಗೆ ಬಿಡಿ. ತೆರೆದ ಜಾಗಕ್ಕೆ ಟಾರ್ಪಲ್ ಹೊದಿಸಿದರೆ ಆಯಿತು.

ತಗಡು ಮತ್ತು ಸಿಮೆಂಟ್ ಶೀಟಿನ ಮಾಡು

ತೋಟದ ಕೆಲಸದವರ ಲೈನ್ ಮನೆ, ಗೋದಾಮುಗಳಿಗೆ ಈಗ ಬಣ್ಣದ ತಗಡು ಜಾಸ್ತಿ. ಅದಕ್ಕೆ ಈ ಬ್ರಾಕೆಟ್ ಹಾಕಲು ತಗಡಿಗೆ ತೂತು ಹೊಡೆಯಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ನೆತ್ತಿಗೆ ಕೊಕ್ಕೆ ಹಾಕಿ ಮಲಗಿಸುವ ಏಣಿ ಸಾಕು. ಓಡಾಡುವಾಗ ಸ್ಕ್ರೂ ಸಾಲಿನ ಮೇಲೆ ಕಾಲಿಡಿ, ಅಡಿಯಲ್ಲಿ ಪೈಪು ಇರುವುದು ಅಲ್ಲೇ.

ಸಿಮೆಂಟ್ ಶೀಟಿನ ಮೇಲೆ ಏನೂ ಬೇಡ, ಬ್ರಾಕೆಟೂ ಬೇಡ, ಕಾಲೂ ಬೇಡ. ಹಳೇ ಶೀಟು ಹಪ್ಪಳದ ಹಾಗೆ ಮುರಿಯುತ್ತದೆ. ಕೆಳಗಿನಿಂದ ಸಾರುವೆ ಕಟ್ಟಿ, ಅಡಿಯಿಂದಲೇ ಕೆಲಸ ಮಾಡಿ.

ಕೆಲಸದವರಿಂದ ಮಾಡಿಸುವುದಾದರೆ

ಬ್ರಾಕೆಟ್, ಹಾರ್ನೆಸ್, ಹಗ್ಗ ನೀವೇ ಕೊಡಿ. "ನಮಗೆ ಅಭ್ಯಾಸ ಇದೆ, ಬೇಡ" ಅಂತಾರೆ. ಹಗ್ಗ ಕಟ್ಟಿಕೊಳ್ಳದಿದ್ದರೆ ಇವತ್ತು ಕೆಲಸ ಇಲ್ಲ ಅಂತ ಗಟ್ಟಿಯಾಗಿ ಹೇಳಿ, ಆ ದಿನದ ಕೂಲಿ ಹೋದರೂ ಪರವಾಗಿಲ್ಲ. ಬ್ರಾಕೆಟ್ ಹಾಕಲು ಅರ್ಧ ದಿನ ಜಾಸ್ತಿ ಹಿಡಿಯುತ್ತದೆ, ಅದಕ್ಕೂ ಕೂಲಿ ಕೊಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಮಾಡಿಸಿಕೊಳ್ಳಲು ನೆರವಾಗಿ. ಬಿದ್ದು ಪೆಟ್ಟಾದರೆ ಆ ಮನೆಗೆ ಸ್ವಲ್ಪವಾದರೂ ಆಸರೆ ಸಿಗುತ್ತದೆ.

ಎತ್ತಿಡುವುದು

ಬಿಚ್ಚಿದ ಬ್ರಾಕೆಟನ್ನು ಅದೇ ದಿನ ಒರೆಸಿ, ಬೋಲ್ಟಿಗೆ ಗ್ರೀಸ್ ಹಚ್ಚಿ, ಅಟ್ಟದಲ್ಲಿ ನೇತುಹಾಕಿ. ನೆಲದ ಮೇಲೆ ಇಟ್ಟರೆ ಥಂಡಿ ಹಿಡಿಯುತ್ತದೆ. ನಿಮ್ಮ ಒಳಮನೆ ಮಾಡಿಗೆ ಹೊಂದಿದ ತೂತಿಗೆ ಬಿಳಿ ಬಣ್ಣದ ಚುಕ್ಕೆ, ಜಗಲಿ ಮಾಡಿನ ತೂತಿಗೆ ಕೆಂಪು ಚುಕ್ಕೆ ಇಡಿ. ಸ್ಕ್ರೂಗಳನ್ನು ಮತ್ತೆ ಬಳಸಬೇಡಿ, ಹೊಸದು ತನ್ನಿ. ಹಾರ್ನೆಸ್ ಮತ್ತು ಹಗ್ಗವನ್ನು ಇಲಿ ಸಿಗದ ಡಬ್ಬದಲ್ಲಿ ಹಾಕಿಡಿ. ಮುಂದಿನ ವರ್ಷ ತೆಗೆದಾಗ ಹತ್ತು ಮೂಟೆಯ ಪರೀಕ್ಷೆ ಇನ್ನೊಮ್ಮೆ ಆಗಲಿ, ಆಮೇಲೆ ಮಾಡಿಗೆ ಏರಿಸಿ.